ಓದುಗರ ಪ್ರಶ್ನೆ: ಕಂಟ್ರಿ ಕ್ಲಬ್ ಶುರುವಾದದ್ದು ಗಾಲ್ಫಿಗಲ್ಲ

ಪ್ರಶ್ನೆ: ಹೆದ್ದಾರಿಯ ಪಕ್ಕ ಎಲ್ಲಿ ನೋಡಿದರೂ ಕಂಟ್ರಿ ಕ್ಲಬ್ ಬೋರ್ಡು. ಇಂಥ ಕ್ಲಬ್ ಮೊದಲು ಹುಟ್ಟಿದ್ದೆಲ್ಲಿ? ಗಾಲ್ಫ್ ಆಡೋಕೆ ತಾನೇ?
– ಓದುಗರು, ತುಮಕೂರು

ಗಾಲ್ಫಿಗಲ್ಲ, ಕುದುರೆಗೆ. ಅಮೆರಿಕದ ಬಾಸ್ಟನ್ ನಗರಕ್ಕೆ ಅಂಟಿಕೊಂಡಿರುವ ಬ್ರೂಕ್‌ಲೈನ್‌ನಲ್ಲಿ 1882ರಲ್ಲಿ ಶುರುವಾದ ಕ್ಲಬ್ಬನ್ನೇ ಆ ದೇಶದ ಮೊದಲ ಕಂಟ್ರಿ ಕ್ಲಬ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರ ಹೆಸರೇ ‘ದಿ ಕಂಟ್ರಿ ಕ್ಲಬ್’. ಹಿಂದೆ ಮುಂದೆ ಊರಿನ ಹೆಸರಿಲ್ಲ. ಮುಂದೆ ನಿಂತು ಕಟ್ಟಿದವರು ಜೇಮ್ಸ್ ಮರ್ರಿ ಫೋರ್ಬ್ಸ್, ಚೀನಾ ವ್ಯಾಪಾರದಲ್ಲಿ ದುಡ್ಡು ಮಾಡಿದ ಮನೆತನದವರು. ಸದಸ್ಯರಾಗುವವರಿಗೆ ಆಗ ಹೇಳಿದ್ದು ಇಷ್ಟು: ಮನೆಮಂದಿಯೊಂದಿಗೆ ಬರಲು ಅನುಕೂಲವಾದ ಕ್ಲಬ್‌ಹೌಸು, ಸಾದಾ ಊಟದ ವ್ಯವಸ್ಥೆ, ಮಲಗಲು ಕೋಣೆ, ಬೌಲಿಂಗ್, ಟೆನಿಸ್, ಆಗಾಗ ಕುದುರೆ ರೇಸು, ಮಧ್ಯಾಹ್ನ ಸಂಗೀತ.

ಇದರಲ್ಲಿ ಹೊಸತು ‘ಮನೆಮಂದಿ’ ಎಂಬುದೇ. ಪೇಟೆಯ ಕ್ಲಬ್ಬುಗಳು ಗಂಡಸರ ಅಡ್ಡೆಗಳಾಗಿದ್ದವು. ಕುದುರೆಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಿ, ಉಂಡು, ಕತ್ತಲಾಗುವಷ್ಟರಲ್ಲಿ ಮನೆ ಸೇರುವಷ್ಟು ದೂರದಲ್ಲಿ ಈ ಜಾಗವಿತ್ತು. ಗಾಲ್ಫಿನ ಸುದ್ದಿಯೇ ಇರಲಿಲ್ಲ.

ಪ್ರಶ್ನೆ: ಹಾಗಾದರೆ ಗಾಲ್ಫ್ ಒಳಗೆ ಬಂದದ್ದು ಹೇಗೆ? ಮೈದಾನಕ್ಕೆ ಎಷ್ಟು ಖರ್ಚಾಯಿತು?
– ಓದುಗರು, ಹುಬ್ಬಳ್ಳಿ

ಐವತ್ತು ಡಾಲರ್. ಇವತ್ತಿನ ಕ್ಲಬ್ಬಿನ ಪ್ರವೇಶ ಶುಲ್ಕ ಕಟ್ಟುವವರು ಇದನ್ನು ಓದದಿರುವುದೇ ಒಳ್ಳೆಯದು!

1892ರಲ್ಲಿ ಫ್ರಾನ್ಸಿನ ಪೋ ಪಟ್ಟಣದಿಂದ ಫ್ಲಾರೆನ್ಸ್ ಬಾಯ್ಟ್ ಎಂಬ ಯುವತಿ ಗಾಲ್ಫ್ ಕೋಲು, ಚೆಂಡುಗಳ ಸಮೇತ ಬಾಸ್ಟನ್ ಸಮೀಪದ ತನ್ನ ಬಂಧು ಆರ್ಥರ್ ಹನಿವೆಲ್ ಅವರ ಮನೆಗೆ ಬಂದಳು. ಮನೆಯ ಹುಲ್ಲುಹಾಸಿನಲ್ಲೇ ಹೂಕುಂಡಗಳನ್ನು ನೆಲಮಟ್ಟಕ್ಕೆ ಹುಗಿದು ಗುಳಿ ಮಾಡಿಕೊಂಡು ಆಡಿದರು. ಅದನ್ನು ನೋಡಿದ ಕಂಟ್ರಿ ಕ್ಲಬ್ಬಿನ ಸದಸ್ಯ ಲಾರೆನ್ಸ್ ಕರ್ಟಿಸ್, ಕ್ಲಬ್ಬಿನ ಸಮಿತಿಗೆ ಪತ್ರ ಬರೆದು ಐವತ್ತು ಡಾಲರಿಗೆ ಒಪ್ಪಿಗೆ ಪಡೆದರು. 1893ರ ವಸಂತಕ್ಕೆ ಆರು ಗುಳಿಗಳ ಮೈದಾನ ತಯಾರು. ಇಷ್ಟು ಅಗ್ಗವಾದದ್ದಕ್ಕೆ ಕಾರಣವಿದೆ. ನೆಲ ಕ್ಲಬ್ಬಿನದೇ, ಹುಲ್ಲು ಆಗಲೇ ಇತ್ತು. ಗುಳಿ ತೋಡಿ, ಬಾವುಟ ನೆಟ್ಟು, ಅದರ ಸುತ್ತ ಹುಲ್ಲನ್ನು ಗಿಡ್ಡಗೆ ಕತ್ತರಿಸಿದರೆ ಮುಗಿಯಿತು. ಗುಳಿಯ ಬಾಯಿ 4.25 ಇಂಚು (108 ಮಿ.ಮೀ.) ಇರಬೇಕೆಂದು ಸ್ಕಾಟ್ಲೆಂಡಿನವರು 1891ರಲ್ಲೇ ನಿಯಮ ಮಾಡಿದ್ದರು, ಅದು ಇಂದಿಗೂ ಬದಲಾಗಿಲ್ಲ.

ಆಟ ತೋರಿಸಿದ ದಿನ ಹನಿವೆಲ್ ಹೊಡೆದ ಮೊದಲ ಚೆಂಡೇ ಸೀದಾ ಗುಳಿಗೆ ಬಿತ್ತಂತೆ. ನೆರೆದವರು ಆಟವೇ ಹಾಗೆ ಎಂದುಕೊಂಡು ಸುಮ್ಮನಿದ್ದರು. ಆಮೇಲಿನ ಹೊಡೆತಗಳು ಹಾಗೆ ಬೀಳದಿದ್ದಾಗ ಬೇಸರಪಟ್ಟರು ಎಂಬ ಮಾತು ಪ್ರಚಾರದಲ್ಲಿದೆ.

ತಂಟೆ ಶುರುವಾದದ್ದು ಆಮೇಲೆ. ರೇಸಿನ ಟ್ರ್ಯಾಕು ಮೈದಾನದ ನಡುವೆಯೇ ಹಾದಿತ್ತು. ಒದ್ದೆ ನೆಲದಲ್ಲಿ ಕುದುರೆ ಓಡಿದರೆ ಗೊರಸಿನ ಗುರುತು ಉಳಿಯುತ್ತದೆ. ಅದರೊಳಗೆ ಕೂತ ಚೆಂಡಿಗೆ ಕೋಲಿನ ತಲೆ ಸರಿಯಾಗಿ ತಾಗುವುದಿಲ್ಲ. ಅತ್ತ ಸವಾರರಿಗೆ ಹಾರಿ ಬರುವ ಚೆಂಡಿನ ಭಯ. 1894ರಲ್ಲಿ ಸ್ಕಾಟ್ಲೆಂಡಿನ ವಿಲ್ಲಿ ಕ್ಯಾಂಪ್‌ಬೆಲ್ ವೃತ್ತಿಪರ ಆಟಗಾರನಾಗಿ ಬಂದ ಮೇಲೆ ಗುಳಿಗಳು ಒಂಬತ್ತಾದವು, 1899ಕ್ಕೆ ಹದಿನೆಂಟು. ಅದೇ ಹೊತ್ತಿಗೆ ಗಟ್ಟಾ ಪರ್ಚಾ ಎಂಬ ಮರದ ಅಂಟಿನ ಚೆಂಡಿನ ಬದಲು, ಒಳಗೆ ರಬ್ಬರ್ ದಾರ ಸುತ್ತಿದ ಹ್ಯಾಸ್ಕೆಲ್ ಚೆಂಡು ಬಂತು. ಅದು ಹೆಚ್ಚು ದೂರ ಹೋಗುತ್ತಿತ್ತು. ನಿನ್ನೆ ಸಾಕಾಗಿದ್ದ ಮೈದಾನ ಇವತ್ತು ಗಿಡ್ಡವಾಗಿ, ಅನೇಕ ಕ್ಲಬ್ಬುಗಳಿಗೆ ಇನ್ನಷ್ಟು ಜಮೀನು ಬೇಕಾಯಿತು. ಕುದುರೆ ಸೋತದ್ದು ಇಲ್ಲೇ ಎನ್ನಬೇಕು. ರೇಸು ಪೂರ್ತಿ ನಿಂತದ್ದು ಮಾತ್ರ 1935ರಲ್ಲಿ.

ಪ್ರಶ್ನೆ: ಅಲ್ಲಿ ಕ್ಯಾಡಿ ಹುಡುಗನೊಬ್ಬ ದೊಡ್ಡ ಆಟಗಾರರನ್ನು ಸೋಲಿಸಿದನಂತೆ. ನಿಜವೇ?
– ಓದುಗರು, ಉಡುಪಿ

ನಿಜ. ಆದರೆ ಗೆದ್ದಾಗ ಅವನು ಕ್ಯಾಡಿಯಾಗಿರಲಿಲ್ಲ. ಫ್ರಾನ್ಸಿಸ್ ವಿಮೆಟ್ ಆ ಕ್ಲಬ್ಬಿನಲ್ಲಿ ಹಿಂದೆ ಆಟಗಾರರ ಚೀಲ ಹೊತ್ತಿದ್ದ. ಮನೆ 17ನೇ ಗುಳಿಯ ಎದುರು ರಸ್ತೆಯಾಚೆ. ಅಮೆರಿಕದ ದೊಡ್ಡ ಗಾಲ್ಫ್ ಪಂದ್ಯಾವಳಿಯಾದ ಯುಎಸ್ ಓಪನ್ 1913ರಲ್ಲಿ ಅಲ್ಲೇ ನಡೆಯಿತು. ನಾಲ್ಕು ಸುತ್ತು ಮುಗಿದಾಗ ಬ್ರಿಟನ್ನಿನ ಹೆಸರಾಂತ ಆಟಗಾರರಾದ ಹ್ಯಾರಿ ವಾರ್ಡನ್, ಟೆಡ್ ರೇ ಮತ್ತು ಇಪ್ಪತ್ತರ ಈ ಹವ್ಯಾಸಿ ಮೂವರೂ 304 ಹೊಡೆತಗಳಲ್ಲಿ ಸಮ. ಮರುದಿನದ ಹದಿನೆಂಟು ಗುಳಿಯ ನಿರ್ಣಾಯಕ ಸುತ್ತಿನಲ್ಲಿ ವಿಮೆಟ್ 72, ವಾರ್ಡನ್ 77, ರೇ 78. ಗಾಲ್ಫಿನಲ್ಲಿ ಕಡಿಮೆ ಹೊಡೆತದವನೇ ಗೆದ್ದ ಹಾಗೆ. ವಿಮೆಟ್‌ನ ಚೀಲ ಹೊತ್ತ ಎಡ್ಡಿ ಲೌರಿಗೆ ಹತ್ತೇ ವರ್ಷ.

ಪ್ರಶ್ನೆ: ಅಮೆರಿಕದಲ್ಲಿ ಗಾಲ್ಫಿನ ನಿಯಮ ಮಾಡುವ ಸಂಘಕ್ಕೂ ಈ ಕ್ಲಬ್ಬಿಗೂ ಸಂಬಂಧವುಂಟೇ?
– ಓದುಗರು, ಮೈಸೂರು

ಉಂಟು. 1894ರಲ್ಲಿ ನ್ಯೂಪೋರ್ಟ್ ಮತ್ತು ನ್ಯೂಯಾರ್ಕ್ ಬಳಿಯ ಸೇಂಟ್ ಆಂಡ್ರ್ಯೂಸ್ ಕ್ಲಬ್ಬುಗಳು ಒಂದೊಂದು ‘ರಾಷ್ಟ್ರೀಯ’ ಪಂದ್ಯ ನಡೆಸಿದವು. ಎರಡರಲ್ಲೂ ಸೋತ ಚಾರ್ಲ್ಸ್ ಮ್ಯಾಕ್‌ಡೊನಾಲ್ಡ್ ಎರಡಕ್ಕೂ ತಕರಾರು ತೆಗೆದರು. ಜಗಳ ಬಗೆಹರಿಸಲು ಅದೇ ಡಿಸೆಂಬರ್ 22ರಂದು ಐದು ಕ್ಲಬ್ಬುಗಳು ಸೇರಿ ಸಂಘ ಕಟ್ಟಿದವು, ಬ್ರೂಕ್‌ಲೈನ್ ಅದರಲ್ಲೊಂದು. ಸಂಘದ ಎರಡನೇ ಅಧ್ಯಕ್ಷರು ಇದೇ ಕರ್ಟಿಸ್.

ಪ್ರಶ್ನೆ: ನಮ್ಮಲ್ಲಿ ಗಾಲ್ಫ್ ಇದಕ್ಕಿಂತ ಹಳೆಯದೋ, ಹೊಸತೋ?
– ಓದುಗರು, ಬೆಂಗಳೂರು

ಹಳೆಯದು. ನಿಮ್ಮೂರಿನ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಬ್ರೂಕ್‌ಲೈನ್‌ನಲ್ಲಿ ಗುಳಿ ತೋಡುವುದಕ್ಕೆ ಹದಿನೇಳು ವರ್ಷ ಮುಂಚಿನದು. ಕೋಲ್ಕತ್ತದ ಕ್ಲಬ್ ಇನ್ನೂ ಹಿಂದಿನದು, 1829. ಇಲ್ಲಿ ಹುಲ್ಲು ನಿಲ್ಲದ ಕಡೆ, ಗುಳಿಯ ಸುತ್ತಲಿನ ಹುಲ್ಲಿನ ‘ಗ್ರೀನ್’ ಬದಲು ಎಣ್ಣೆ ಬೆರೆಸಿದ ಮರಳು ಹರಡಿ ‘ಬ್ರೌನ್’ ಮಾಡುತ್ತಿದ್ದರು. ಎಣ್ಣೆ ಕಡಿಮೆಯಾದರೆ ಮರಳು ಗಾಳಿಗೆ ಹಾರುತ್ತದೆ, ಹೆಚ್ಚಾದರೆ ಚೆಂಡಿಗೆ ಮೆತ್ತಿಕೊಳ್ಳುತ್ತದೆ. ಆಡಿ ಮುಗಿಸಿದವರ ಹೆಜ್ಜೆಗುರುತನ್ನು ಹಿಂದೆ ಬರುವವರಿಗಾಗಿ ಎಳೆದು ಸಮ ಮಾಡಬೇಕು.