ಪ್ರತಿ: ರೆನೋ 16ರ ಹಿಂದಿನ ಚಕ್ರ ಒಂದು ಕಡೆ ಹಿಂದಕ್ಕಿದೆಯಲ್ಲ, ಆಕ್ಸಿಡೆಂಟ್ ಗಾಡಿನಾ?

ಇಲ್ಲ ಗುರು, ಈ ಹಳೇ ಫ್ರೆಂಚ್ ಕಾರು ಎಲ್ಲೂ ಗುದ್ದಿಲ್ಲ. ಎಡಕ್ಕೂ ಬಲಕ್ಕೂ ವೀಲ್‌ಬೇಸ್ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರೋ ಅಂತರ) ಬೇರೆ ಅಂದ್ರಲ್ಲ, ಫ್ಯಾಕ್ಟರಿಯಿಂದ ಬಂದಿದ್ದೇ ಹಂಗೆ, ಸುಮಾರು 7 ಸೆಂಟಿಮೀಟರ್ ವ್ಯತ್ಯಾಸ. ಹಿಂದುಗಡೆ ಕಾಯಿಲ್ ಸ್ಪ್ರಿಂಗ್ ಬದ್ಲು ಟಾರ್ಷನ್ ಬಾರ್ ಹಾಕಿದಾರೆ, ಅಂದ್ರೆ ಅಡ್ಡಡ್ಡ ಮಲಗಿಸಿರೋ ಸ್ಟೀಲ್ ಸರಳು, ಚಕ್ರ ಮೇಲೆದ್ರೆ ತಿರುಚ್ಕೊಳ್ಳುತ್ತೆ, ಆಮೇಲೆ ವಾಪಸ್ ಬರುತ್ತೆ. ಒಂದೊಂದೂ ಹೆಚ್ಚುಕಮ್ಮಿ ಗಾಡಿ ಅಗಲದಷ್ಟು ಉದ್ದ ಇರೋದ್ರಿಂದ ಎರಡನ್ನೂ ಒಂದೇ ಗೆರೇಲಿ ಕೂರ್ಸಕ್ಕಾಗಲ್ಲ, ಒಂದರ ಹಿಂದೆ ಒಂದು ಇಡ್ಬೇಕು, ಅದಕ್ಕೆ ಒಂದು ಕಡೆ ಚಕ್ರನೂ ಹಿಂದಕ್ಕೆ ಹೋಗುತ್ತೆ, ಅಷ್ಟೇ ಕಥೆ. ಲಾಭ ಏನಂದ್ರೆ ಡಿಕ್ಕಿ ಒಳಗೆ ಸ್ಪ್ರಿಂಗ್ ಗೂಡು ನುಗ್ಗಲ್ಲ, 1965ರಲ್ಲೇ ಸೀಟ್ ಮಡಚಿ ಬೀರು ತುಂಬೋ ಫ್ಯಾಮಿಲಿ ಕಾರು! ಅಗ್ಗದ ರೆನೋ 4ರಲ್ಲೂ ಇದೇ ಐಡಿಯಾ. ತಗೊಳ್ಳೋದಾದ್ರೆ ಅಳತೆ ಟೇಪ್ ಬಿಡಿ, ಟಾರ್ಚ್ ಹಿಡ್ಕೊಂಡು ಕೆಳಗೆ ತುಕ್ಕು ನೋಡಿ.