ಶ್ವಾಸಕೋಶದ ಕಲೆ ಯಾರಲ್ಲಿ ಉಳಿಯುತ್ತದೆ?

ಪ್ರಶ್ನೆ: 66 ವರ್ಷದ ನಮ್ಮ ತಂದೆಯವರು ಕೆಜಿಎಫ್ ಚಿನ್ನದ ಗಣಿಯಲ್ಲಿ, ಅದು 2001ರಲ್ಲಿ ಮುಚ್ಚುವವರೆಗೂ ದುಡಿದವರು. ಕೋವಿಡ್ ಬಂದು, ವೆಂಟಿಲೇಟರ್‌ನಲ್ಲಿದ್ದು ಗುಣವಾದರೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಶ್ವಾಸಕೋಶದ ಕಲೆ ಶಾಶ್ವತವೇ?
– ಓದುಗರೊಬ್ಬರು, ಕೋಲಾರ ಜಿಲ್ಲೆ

ಉತ್ತರ: ಶಾಶ್ವತವೆಂದು ಈಗಲೇ ಹೇಳಲಾಗದು. ವೈರಾಣುವಿನಿಂದ ಗಾಳಿಗೂಡುಗಳ ಒಳಪದರ ಹಾಳಾದಾಗ ದೇಹವು ಅಲ್ಲಿ ನಾರಿನಂತಹ ಅಂಗಾಂಶದಿಂದ ತೇಪೆ ಹಾಕುತ್ತದೆ. ಅನೇಕರಲ್ಲಿ ಇದು ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತದೆಯಾದರೂ, ವಯಸ್ಸಾದವರಲ್ಲಿ, ಧೂಮಪಾನಿಗಳಲ್ಲಿ, ಎಲ್ಲಕ್ಕಿಂತ ಮುಖ್ಯವಾಗಿ ಕಾಯಿಲೆ ಉಲ್ಬಣಿಸಿ ಹೆಚ್ಚು ದಿನ ವೆಂಟಿಲೇಟರ್ ಬೇಕಾದವರಲ್ಲಿ ಉಳಿದುಬಿಡುವ ಸಂಭವ ಹೆಚ್ಚು. ನಿಮ್ಮ ತಂದೆಯವರ ವಿಷಯದಲ್ಲಿ ಎಲ್ಲವನ್ನೂ ಕೋವಿಡ್‌ನ ತಲೆಗೆ ಕಟ್ಟುವಂತಿಲ್ಲ, ಏಕೆಂದರೆ ಗಣಿಯ ಕಲ್ಲುಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಕೆಲಸ ಬಿಟ್ಟ ಎಷ್ಟೋ ವರ್ಷಗಳ ನಂತರವೂ ಕಾಣಿಸಿಕೊಳ್ಳಬಲ್ಲದು. ಶ್ವಾಸಕೋಶ ತಜ್ಞರಿಗೆ ಗಣಿ ಕೆಲಸದ ವಿವರವನ್ನು (ಹಲವರು ಇದನ್ನೇ ಮರೆಯುತ್ತಾರೆ) ತಿಳಿಸಿ, ಸಿ.ಟಿ. ಸ್ಕ್ಯಾನ್ ಹಾಗೂ ಉಸಿರಾಟದ ಸಾಮರ್ಥ್ಯದ ಪರೀಕ್ಷೆ ಅಗತ್ಯವೇ ಎಂದು ಕೇಳಿರಿ.