ಮೋತಿ ಮತ್ತೆ ಬಿದ್ದರೆ ಏನು ಮಾಡೋಣ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಪ್ಪ ವಿಜಯಪುರದಲ್ಲಿ ಟಾಂಗಾ ಹೊಡೆಯುತ್ತಿದ್ದವರು. ಸ್ಟೇಷನ್ನಿನಿಂದ ಗೋಳಗುಮ್ಮಟ, ಅಲ್ಲಿಂದ ಇಬ್ರಾಹಿಂ ರೋಜಾ. ನಮ್ಮ ಕುದುರೆ ಮೋತಿಗೆ ಈಗ 26 ವರ್ಷ. ಟಾಂಗಾ ಬಿಟ್ಟು ಐದು ವರ್ಷ ಆಯಿತು. ಮನೆ ಹಿಂದೆ ಒಂದು ಆಡಿನ ಜೊತೆ ಕಟ್ಟಿರುತ್ತೇವೆ. ಜೋಳದ ಕಣಿಕೆ ಅಗಿದು ಅಗಿದು ಉಂಡೆ ಮಾಡಿ ಉಗುಳುತ್ತಾನೆ. ಈ ತಿಂಗಳು ಮೂರು ಸಲ ಬಿದ್ದ, ನಾಲ್ಕು ಜನ ಸೇರಿ ಹಗ್ಗ ಹಾಕಿ ಎಬ್ಬಿಸಿದೆವು. ಅಣ್ಣ ‘ಸೂಜಿ ಮಾಡಿಸಿ ಮುಗಿಸೋಣ’ ಎನ್ನುತ್ತಾನೆ. ಓಣಿಯವರು ‘ಪಾಪ ಕಟ್ಟಿಕೊಳ್ಳಬೇಡಿ, ಊರ ಹೊರಗೆ ಬಿಟ್ಟು ಬನ್ನಿ’ ಎನ್ನುತ್ತಾರೆ. ಅಪ್ಪ ಮಾತೇ ಆಡುತ್ತಿಲ್ಲ.
- ಟಾಂಗಾದವರ ಮಗಳು, ವಿಜಯಪುರ

ಉತ್ತರ: ಮೊದಲು ಓಣಿಯವರ ಮಾತು ಮುಗಿಸಿಬಿಡೋಣ. ಊರ ಹೊರಗೆ ಬಿಟ್ಟು ಬಂದರೆ ಪಾಪ ತಪ್ಪುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಹಸಿವು, ನಾಯಿಗಳ ಪಾಲಿಗೆ ಬಿಟ್ಟ ಹಾಗೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಹಾಗೆ ಬಿಡುವುದು ಅಪರಾಧ ಕೂಡ.

ಉಂಡೆ ಉಗುಳುವುದು ನನಗೆ ಅಷ್ಟು ಚಿಂತೆಯಲ್ಲ. ಕುದುರೆಯ ದವಡೆ ಹಲ್ಲು ಸವೆದಷ್ಟೂ ಒಸಡಿನಿಂದ ಮೇಲೆ ಬರುತ್ತಾ ಇರುತ್ತದೆ. ಈ ವಯಸ್ಸಿಗೆ ಆ ದಾಸ್ತಾನು ಮುಗಿಯುತ್ತಾ ಬಂದಿರುತ್ತದೆ. ಕಣಿಕೆ ನಿಲ್ಲಿಸಿ. ಬೂಸಾ ನೆನೆಸಿ, ಹುರುಳಿ ಬೇಯಿಸಿ ಅರೆದು, ಗಂಜಿಯ ಹಾಗೆ ಮಾಡಿ ಸ್ವಲ್ಪ ಸ್ವಲ್ಪ ಕೊಡಿ. ಬರೀ ಹಲ್ಲಿನದ್ದೇ ಆಗಿದ್ದರೆ ಇಷ್ಟಕ್ಕೇ ಉತ್ತರ ಮುಗಿಯುತ್ತಿತ್ತು.

ಚಿಂತೆ ಬೀಳುವುದರದ್ದು. ಒಂದು ಕೆಲಸ ಮಾಡಿ. ಮೋತಿಯ ಮುಂಗಾಲಿನಲ್ಲಿ, ಗೊರಸಿನ ಮೇಲಿನ ಗೆಣ್ಣಿನ ಮುಂಭಾಗ ಮುಟ್ಟಿ ನೋಡಿ. ಕೂದಲು ಉದುರಿ ಹಕ್ಕಳೆ ಕಟ್ಟಿದೆಯಾ? ಕುದುರೆ ನಿಂತೇ ನಿದ್ದೆ ಮಾಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತು. ಗಾಢ ನಿದ್ದೆ ಬರಬೇಕಾದರೆ ಅದು ದಿನಕ್ಕೆ ಅರ್ಧ ಗಂಟೆಯಾದರೂ ಮಲಗಲೇಬೇಕು. ಕೀಲು ನೋಯುವ ಮುದಿ ಕುದುರೆಗೆ ಮಲಗಿದರೆ ಮತ್ತೆ ಏಳಲಾಗದು ಅನ್ನೋ ಅಂಜಿಕೆ. ಹಾಗಾಗಿ ಮಲಗುವುದನ್ನೇ ಬಿಡುತ್ತದೆ. ಕೊನೆಗೆ ನಿಂತಲ್ಲೇ ತೂಕಡಿಸಿ, ಮುಂಗಾಲು ಮಡಚಿಕೊಂಡು ಕುಸಿಯುತ್ತದೆ. ಗೆಣ್ಣಿನ ಮೇಲೆ ಹಕ್ಕಳೆ ಇದ್ದರೆ ಮೋತಿ ಬಹಳ ದಿನದಿಂದ ಸರಿಯಾಗಿ ಮಲಗಿಲ್ಲ ಅಂತಲೇ ಅರ್ಥ.

ಪಶು ಆಸ್ಪತ್ರೆಯ ಡಾಕ್ಟರನ್ನು ಕರೆಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಕೀಲುನೋವಿಗೆ ಔಷಧಿ ಕೊಟ್ಟು ಒಂದು ವಾರ ನೋಡಬಹುದು. ತಾನಾಗಿ ಮಲಗಿ ತಾನಾಗಿ ಎದ್ದರೆ ಸರಿ. ಔಷಧಿ ಕೊಟ್ಟ ಮೇಲೂ ಬಿದ್ದರೆ ಐದನೇ ಸಲಕ್ಕೆ ಕಾಯಬೇಡಿ, ಸೂಜಿ ಮಾಡಿಸಿ.

ತಡ ಮಾಡಿ ಕೆಟ್ಟವನಾಗಿ ಇದನ್ನು ಹೇಳುತ್ತಿದ್ದೇನೆ. ನೌಕರಿಯ ಮೊದಲ ವರ್ಷ, ಬಾಗಲಕೋಟೆ ಕಡೆಯ ಒಂದು ಹಳ್ಳಿ. ಸಂಜೆ ಹೊತ್ತು, ಬಿದ್ದ ಹೆಣ್ಣುಕುದುರೆ. ಯಜಮಾನ ‘ಮುಗಿಸಿಬಿಡ್ರಿ ಸಾಹೇಬ್ರ’ ಎಂದ. ನನಗೆ ಕೈ ಬರಲಿಲ್ಲ. ಬೆಳಿಗ್ಗೆ ನೋಡೋಣ ಎಂದು ಬಂದೆ. ಬೆಳಿಗ್ಗೆ ಹೋದಾಗ ಕೊಟ್ಟಿಗೆ ಗೋಡೆಯ ಮಣ್ಣು ಮೊಳಕಾಲೆತ್ತರಕ್ಕೆ ಕಿತ್ತು ಬಂದಿತ್ತು. ರಾತ್ರಿಯೆಲ್ಲ ಒದ್ದಾಡಿ ಒದ್ದಾಡಿ ಸತ್ತಿತ್ತು. ಯಜಮಾನ ನನ್ನನ್ನು ಏನೂ ಅನ್ನಲಿಲ್ಲ. ಚಹಾ ಕೊಟ್ಟು ಕಳಿಸಿದ.

ಸೂಜಿ ನೋಯುತ್ತದಾ ಅಂತ ನೀವು ಕೇಳಿಲ್ಲ. ಅಪ್ಪನ ಮನಸ್ಸಿನಲ್ಲಿ ಅದೇ ಇರಬೇಕು. ಮೊದಲು ಮಂಪರು ಬರುವ ಔಷಧಿ ಕೊಡುತ್ತಾರೆ. ತಲೆ ಜೋತು ಬಿದ್ದ ಮೇಲೆ ಕುತ್ತಿಗೆಯ ರಕ್ತನಾಳಕ್ಕೆ ಇನ್ನೊಂದು. ಸ್ವಲ್ಪ ಹೊತ್ತಿನಲ್ಲೇ ಎಚ್ಚರ ತಪ್ಪಿ ಬೀಳುತ್ತದೆ. ಬೀಳುವಾಗ ಯಾರೂ ಮುಂದೆ ನಿಲ್ಲಬೇಡಿ. ಕಣ್ಣು ತೆರೆದೇ ಇರುತ್ತದೆ. ಒಂದೆರಡು ಸಲ ಉಸಿರೆಳೆದಂತೆ ಕಾಣಬಹುದು, ಕಾಲು ಅದುರಬಹುದು. ಅದಕ್ಕೆ ಅರಿವು ಇರುವುದಿಲ್ಲ. ಇದನ್ನು ಅಪ್ಪನಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ‘ಇನ್ನೂ ಜೀವ ಇತ್ತು’ ಅಂತ ವರ್ಷಗಟ್ಟಲೆ ಕೊರಗುತ್ತಾರೆ.

ಗುಂಡಿ ಮೊದಲೇ ತೆಗೆಸಿರಬೇಕು. ಬಾವಿ, ಬೋರ್‌ವೆಲ್‌ನಿಂದ ದೂರ, ಜೆಸಿಬಿಯಿಂದ ಆಳವಾಗಿ. ಮೈಯಲ್ಲಿ ಔಷಧಿ ಉಳಿದಿರುತ್ತದೆ, ನಾಯಿ, ಹದ್ದು ತಿಂದರೆ ಅವೂ ಸಾಯುತ್ತವೆ. ಹೊಲ ಇಲ್ಲದಿದ್ದರೆ ಮಹಾನಗರ ಪಾಲಿಕೆಯಲ್ಲಿ ಜಾಗ ಕೇಳಿ. ಇದೆಲ್ಲ ಅಣ್ಣನಿಗೆ ಬಿಡಿ, ಅಪ್ಪನ ತಲೆಗೆ ಹಾಕಬೇಡಿ.

ದಿನ ಮಾತ್ರ ಅಪ್ಪನೇ ಹೇಳಲಿ. ನೋಡವ್ವಾ, ಅವರು ಮಾತಾಡುತ್ತಿಲ್ಲ ಅಂದರೆ ಅವರಿಗೆ ಗೊತ್ತಿಲ್ಲ ಅಂತಲ್ಲ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗಿದ್ದು ಅವರಿಗೇ. ಸುಮ್ನೆ ಪಕ್ಕದಲ್ಲಿ ಕೂತು ‘ಯಾವತ್ತು ಅಪ್ಪಾ?’ ಅಂತ ಕೇಳಿ. ‘ಮಾಡೋಣವಾ’ ಅಂತ ಕೇಳಬೇಡಿ.

ಗೆಜ್ಜೆ ಸರ ಇದ್ದರೆ, ಬಾಲದ ಕೂದಲು ಬೇಕಿದ್ದರೆ ಹಿಂದಿನ ದಿನವೇ ತೆಗೆದಿಟ್ಟುಕೊಳ್ಳಿ. ಮುಗಿದ ಮೇಲೆ ಆಡನ್ನು ಬಿಚ್ಚಿ ಒಮ್ಮೆ ಮೂಸಲು ಬಿಡಿ, ಆಮೇಲೆ ಅದನ್ನು ಒಂಟಿಯಾಗಿ ಕಟ್ಟಬೇಡಿ.

ಬೆಲ್ಲ ಜಾಸ್ತಿ ಕೊಡಬೇಡಿ ಅಂತ ಟಾಂಗಾದವರಿಗೆ ಮೂವತ್ತು ವರ್ಷ ಬೈದಿದ್ದೇನೆ. ಒಬ್ಬರೂ ಕೇಳಲಿಲ್ಲ, ಅದು ಬೇರೆ ಮಾತು. ಅವತ್ತು ಬೆಳಿಗ್ಗೆ ಅಪ್ಪ ಬೆಲ್ಲ ಪುಡಿ ಮಾಡಿ ಅಂಗೈಯಲ್ಲಿ ಹಿಡಿಯಲಿ. ಮೋತಿ ನೆಕ್ಕಿದಷ್ಟೂ ನೆಕ್ಕಲಿ.